ನಡುಗುವ ಕೈ, ನಿಂತ ತಲೆ

ಸಂಜೆ ಆರಾಗುತ್ತ ಬಂದಿದೆ. ಲೋಕಿಕೆರೆ ಊರು ದಾಟಿ ನಾಲೆಯ ಏರಿ ಮೇಲೆ ಬೈಕ್ ನಿಲ್ಲಿಸಿದ್ದೀರಿ. ಅತ್ತ ಇತ್ತ ಭತ್ತದ ಗದ್ದೆ. ಹಸಿ ಮಣ್ಣಿನ ವಾಸನೆ. ನಾಲೆಗೆ ಭದ್ರಾ ನೀರು ಬಿಟ್ಟಿದ್ದಾರೆ. ಆ ನೀರಿನಿಂದ ಒಂದೆರಡು ಆಳೆತ್ತರದಲ್ಲಿ ಕಪ್ಪು-ಬಿಳಿ ಮಿಂಚುಳ್ಳಿಯೊಂದು, ಮೊಳೆ ಹೊಡೆದು ತೂಗುಹಾಕಿದ ಹಾಗೆ, ಗಾಳಿಯಲ್ಲೇ ನಿಂತಿದೆ. ರೆಕ್ಕೆ ಪಟಪಟ ಬಡಿಯುತ್ತಿದೆ, ಬಾಲ ಅಲ್ಲಾಡುತ್ತಿದೆ. ತಲೆ ಮಾತ್ರ ಕದಲುವುದಿಲ್ಲ.

ಚೀಲದಿಂದ ಕ್ಯಾಮೆರಾ ತೆಗೆಯುತ್ತೀರಿ. 300 ಮಿ.ಮೀ. ಲೆನ್ಸ್. ಕಣ್ಣಿಗಿಟ್ಟ ತಕ್ಷಣ ಹಕ್ಕಿ ಚೌಕಟ್ಟಿನೊಳಗೆ ಕುಣಿಯತೊಡಗುತ್ತದೆ. ಹಕ್ಕಿಯನ್ನು ಬೈಯಬೇಡಿ, ಕೈ ನಿಮ್ಮದು. ಇಷ್ಟುದ್ದದ ಲೆನ್ಸ್ ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲು ವಾಲಿದರೂ ಸಾಕು, ಸೆನ್ಸರ್ ಮೇಲೆ ಬಿಂಬ ಸುಮಾರು ಅರ್ಧ ಮಿಲಿಮೀಟರ್ ಜರುಗುತ್ತದೆ. ಪಿಕ್ಸೆಲ್ಲೊಂದರ ಅಗಲ 4 ಮೈಕ್ರಾನ್ ಎಂದಿಟ್ಟುಕೊಂಡರೆ ನೂರಿಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ದಾಟಿದಂತಾಯಿತು. ಬೆಳಕಿದ್ದರೆ ಚಿಂತೆಯಿರಲಿಲ್ಲ. ಫಿಲ್ಮ್ ಕಾಲದಿಂದ ಬಂದ ಲೆಕ್ಕವೊಂದಿದೆ: 300ರ ಲೆನ್ಸಿಗೆ ಶಟರ್ ಸೆಕೆಂಡಿನ 300ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು. ಈಗಿನ ಬೆಳಕಿಗೆ ಕ್ಯಾಮೆರಾ ಕೇಳುತ್ತಿರುವುದು 40ನೇ ಒಂದು ಭಾಗ.

ಗುಂಡಿಯನ್ನು ಅರ್ಧ ಒತ್ತಿ. ಕಿವಿಗೊಟ್ಟರೆ ಒಳಗೆ ಸಣ್ಣಗೆ ಗುಂಯ್‌ಗುಡುವ ಸದ್ದು. ಕುಣಿಯುತ್ತಿದ್ದ ಹಕ್ಕಿ ಮೆಲ್ಲಗೆ ತೇಲಿ, ನಿಲ್ಲುತ್ತದೆ. ಲೆನ್ಸಿನ ಕೊಳವೆಯೊಳಗೆ ವಾಲಾಟ ಅಳೆಯುವ ಎರಡು ಪುಟ್ಟ ಗೈರೋ ಚಿಪ್‌ಗಳಿವೆ. ಒಂದೊಂದರಲ್ಲೂ ತೀರಾ ಸಣ್ಣ ಸಿಲಿಕಾನ್ ತುಣುಕು ಸದಾ ಕಂಪಿಸುತ್ತಿರುತ್ತದೆ. ಲೆನ್ಸ್ ತಿರುಗಿದರೆ ಆ ಕಂಪನ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಒಂದು ಚಿಪ್ ಮೇಲೆ-ಕೆಳಗಿನ ವಾಲಾಟವನ್ನು, ಇನ್ನೊಂದು ಎಡ-ಬಲದ್ದನ್ನು ಅಳೆಯುತ್ತದೆ. ಗಾಜುಗಳ ಸಾಲಿನ ನಡುವೆ ಒಂದು ಗುಂಪನ್ನು ಮಾತ್ರ ಸಡಿಲ ಬಿಟ್ಟಿದ್ದಾರೆ. ಅದರ ಸುತ್ತ ತಂತಿಯ ಸುರುಳಿ, ಅಯಸ್ಕಾಂತ. ಸುರುಳಿಗೆ ಕರೆಂಟ್ ಹರಿದಂತೆ ಆ ಗಾಜು ಕೂದಲೆಳೆಯಷ್ಟು ಸರಿದು, ಓಡಿಹೋಗುತ್ತಿದ್ದ ಬಿಂಬವನ್ನು ಮತ್ತೆ ಅದರ ಜಾಗಕ್ಕೇ ತರುತ್ತದೆ. ಅಳೆಯುವುದು, ಸರಿಸುವುದು, ಮತ್ತೆ ಅಳೆಯುವುದು. ನೀವು ಉಸಿರು ಬಿಗಿಹಿಡಿದ ಹೊತ್ತಿನಲ್ಲಿ ಇದು ಅದೆಷ್ಟು ಸಲ ಆಗಿಹೋಗಿರುತ್ತದೋ!

ಕ್ಲಿಕ್. ಕ್ಲಿಕ್. ಕ್ಲಿಕ್.

ಹಿಂದಿನಿಂದ ಸೈಕಲ್ ನಿಂತ ಸದ್ದು. ಹ್ಯಾಂಡಲ್‌ಗೆ ಹುಲ್ಲಿನ ಹೊರೆ ಒರಗಿಸಿಕೊಂಡ ಹಿರಿಯರೊಬ್ಬರು ಇಣುಕುತ್ತಾರೆ. "ಬಿತ್ತೇನ್ರಿ ಫೋಟೋ?"

ಪರದೆ ತೋರಿಸುತ್ತೀರಿ. ಕಣ್ಣು, ಜುಟ್ಟು, ಕತ್ತಿಯಂಥ ಕೊಕ್ಕು ಎಲ್ಲ ನಿಚ್ಚಳ. ರೆಕ್ಕೆಗಳೆರಡೂ ಹೊಗೆ.

"ರೆಕ್ಕೀನೇ ಇಲ್ಲಲ್ರಿ ಇದ್ರಾಗೆ!"

ಸರಿಯಾಗಿಯೇ ಹಿಡಿದರು. ಕ್ಯಾಮೆರಾ ಕಂಪನಿಯವರು 'ಐದು ಸ್ಟಾಪ್', 'ಏಳು ಸ್ಟಾಪ್' ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವಾಗ ಹಕ್ಕಿಯ ಚಲನೆಯನ್ನು ಇದು ನಿಲ್ಲಿಸದೆಂಬ ಮಾತನ್ನು ದಪ್ಪಕ್ಷರದಲ್ಲಿ ಹಾಕುವುದಿಲ್ಲ. ಶಟರ್ ವೇಗ ಅರ್ಧಕ್ಕಿಳಿದರೆ ಒಂದು ಸ್ಟಾಪ್. 300ಕ್ಕೆ ಹತ್ತಿರದ 320ರಿಂದ 160, 160ರಿಂದ 80, 80ರಿಂದ 40: ನೀವು ಇಳಿದದ್ದು ಮೂರು ಸ್ಟಾಪ್. ಗಾಜಿನ ಓಡಾಟ ಸರಿದೂಗಿಸಿದ್ದು ನಿಮ್ಮ ನಡುಕವನ್ನಷ್ಟೇ. ರೆಕ್ಕೆಯನ್ನು ನಿಲ್ಲಿಸಲು ಶಟರ್ ವೇಗವೇ ಬೇಕು, ಅದಕ್ಕೆ ಬೆಳಕು ಬೇಕು. ಇನ್ನು ತಲೆ ನಿಚ್ಚಳವಾಗಿ ಬಂದದ್ದರಲ್ಲಿ ಅರ್ಧ ಪುಣ್ಯ ಮಿಂಚುಳ್ಳಿಯದು. ಮೀನಿನ ಮೇಲೆ ನೆಟ್ಟ ನೋಟ ಕದಲದಿರಲೆಂದು ಮೈಯ ಕುಲುಕಾಟವನ್ನೆಲ್ಲ ಅದು ಕತ್ತಿನಲ್ಲೇ ನುಂಗಿಕೊಳ್ಳುತ್ತದೆ.

"ನಮ್ಮ ಕೋಳೀನೂ ಹಂಗೇ ರಿ," ಹಿರಿಯರು ಎರಡೂ ಅಂಗೈಯಲ್ಲಿ ಇಲ್ಲದ ಕೋಳಿಯೊಂದನ್ನು ಹಿಡಿದು ಅತ್ತಿತ್ತ ತೂಗುತ್ತಾರೆ. "ಮೈ ಎಷ್ಟ್ ಅಲ್ಲಾಡಿಸಿದ್ರೂ ತಲಿ ಅಲ್ಲೇ!"

ಕೋಳಿಗೆ ಎಂದಿನಿಂದಲೂ ಬರುತ್ತಿದ್ದ ಈ ವಿದ್ಯೆ ಫೋಟೋ ಕ್ಯಾಮೆರಾಕ್ಕೆ ಬಂದದ್ದು 1994ರಲ್ಲಿ, ನಿಕಾನ್‌ನ ಒಂದು ಪುಟ್ಟ ಫಿಲ್ಮ್ ಕ್ಯಾಮೆರಾದಲ್ಲಿ. ಮರುವರ್ಷ ಕ್ಯಾನನ್ ಅದನ್ನು ಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸಿಗೆ ಇಳಿಸಿತು. 2003ರಲ್ಲಿ ಮಿನೋಲ್ಟಾ ಗಾಜಿನ ಬದಲು ಸೆನ್ಸರನ್ನೇ ಸರಿಸಿತು. ಈಗ ಎಷ್ಟೋ ಮೊಬೈಲುಗಳಲ್ಲೂ ಇದೆ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸದೆ ಜೇಬಲ್ಲಿಟ್ಟುಕೊಂಡು ಬಂದಿರಲ್ಲ, ಒಳ್ಳೆಯದೇ ಆಯಿತು. ದೊಡ್ಡ ಎಂಜಿನ್ನಿನ ಬೈಕುಗಳ ಅದುರು ಈ ಸೂಕ್ಷ್ಮ ಭಾಗವನ್ನು ಕೆಡಿಸಬಹುದೆಂದು 2021ರಲ್ಲಿ ಆಪಲ್ ತಾನೇ ಎಚ್ಚರಿಸಿತ್ತು.

ಮಿಂಚುಳ್ಳಿ ಕಲ್ಲಿನಂತೆ ಬಿದ್ದು, ನೀರು ಚಿಮ್ಮಿಸಿ, ಬರಿಗೊಕ್ಕಿನಲ್ಲೇ ಎದ್ದುಹೋಯಿತು. ಕ್ಯಾಮೆರಾ ಬಂದ್ ಮಾಡಿ ಚೀಲಕ್ಕಿಡುವಾಗ ಲೆನ್ಸ್ ಒಳಗೆ ಏನೋ ಲೊಟಕ್ಕೆಂದಿತು.

"ಏನೋ ಕಳಚ್ತಲ್ರಿ!" ಹಿರಿಯರಿಗೆ ಗಾಬರಿ.

"ಏನಿಲ್ಲ ಯಜಮಾನ್ರೇ. ಕರೆಂಟ್ ಹೋತಲ್ಲ, ಗಾಜು ಹಿಡಿತ ಬಿಡ್ತು."

"ಅದಕ್ಕೂ ಕರೆಂಟಿಂದೇ ಗೋಳೇನ್ರಿ!" ಅವರು ನಗುತ್ತ ಸೈಕಲ್ ತಳ್ಳಿಕೊಂಡು ಊರ ಕಡೆ ಹೊರಟರು.