ಡಿಪ್ ಹಾಕಿದ ಮೇಲೂ

ನನ್ನ ಬಳಿ ಒಂದು ಅಂಬಾಸಿಡರ್ ಕಾರಿದೆ. 1986ರಲ್ಲಿ ನಮ್ಮ ತಂದೆಯವರು ಕೊಂಡದ್ದು. ತಂದೆಯವರು ತೀರಿಕೊಂಡರು, ಅಂಬಾಸಿಡರನ್ನು ತಯಾರಿಸುತ್ತಿದ್ದ ಉತ್ತರಪಾರದ ಕಾರ್ಖಾನೆಯೂ 2014ರಲ್ಲಿ ಕೆಲಸ ನಿಲ್ಲಿಸಿತು, ಕಾರು ಮಾತ್ರ ಕಡೂರಿನ ನಮ್ಮ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಇಂದಿಗೂ ನಿಂತಿದೆ. ಹದಿನೈದು ವರ್ಷ ತುಂಬಿದ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಕಚೇರಿಯಲ್ಲಿ ಆರೋಗ್ಯಪರೀಕ್ಷೆ ನಡೆಯಬೇಕು. ನಿವೃತ್ತನಾದ ಮೇಷ್ಟರ ಆರೋಗ್ಯವನ್ನು ಯಾವ ಕಚೇರಿಯೂ ವಿಚಾರಿಸುವುದಿಲ್ಲ. ಆ ಮಟ್ಟಿಗೆ ನನಗಿಂತ ಅದೇ ಪುಣ್ಯವಂತ.

ಅದರ ದೋಷ ಒಂದೇ, ದೀಪ. ಕತ್ತಲಾದ ಮೇಲೆ ಅದು ಬೀರುತ್ತಿದ್ದ ಬೆಳಕು ನಮ್ಮಜ್ಜಿಯ ಬುಡ್ಡಿದೀಪವನ್ನು ನೆನಪಿಗೆ ತರುತ್ತಿತ್ತು. ನನ್ನ ಅಕ್ಕ ಇರುವುದು ಅಜ್ಜಂಪುರದಲ್ಲಿ. ತಿಂಗಳಿಗೆರಡು ಬಾರಿಯಾದರೂ ನಾನು ಬೀರೂರಿನ ಮೇಲೆ ಹಾದು ಅಲ್ಲಿಗೆ ಹೋಗಿಬರುವುದುಂಟು. ಅಜ್ಜಂಪುರದ ಸೀಮೆ ಈರುಳ್ಳಿಗೆ ಹೆಸರಾದದ್ದು. ಕೊಯ್ಲಿನ ಕಾಲದಲ್ಲಿ ಚೀಲಗಳನ್ನು ಬೆಟ್ಟದಂತೆ ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ರಾತ್ರಿಯಲ್ಲಿ ಸಾಗುತ್ತವೆ. ಅಂಥ ಒಂದು ಟ್ರೇಲರಿನ ಬೆನ್ನು ಒಂದು ರಾತ್ರಿ ನನ್ನ ಕಾರಿನ ಮೂತಿಗೆ ಹತ್ತು ಮಾರು ದೂರದಲ್ಲಿ ಏಕಾಏಕಿ ಮೂಡಿತು. ಬ್ರೇಕು ಹಿಡಿಯಿತು; ನಾನು ಉಳಿದೆ. ಮನೆಗೆ ಬಂದು ಹೆಂಡತಿಗೆ ಏನೂ ಹೇಳದೆ ಮಲಗಿದೆ. ನಿದ್ದೆ ಬರಲಿಲ್ಲ.

ಮಾರನೆಯ ವಾರವೇ ಪೇಟೆಯ ಒಂದು ಅಂಗಡಿಗೆ ಹೋಗಿ ಎಲ್.ಇ.ಡಿ. ದೀಪಗಳನ್ನು ಹಾಕಿಸಿದೆ. ಪೆಟ್ಟಿಗೆಯ ಮೇಲೆ ಇಪ್ಪತ್ತು ಸಾವಿರ ಲ್ಯೂಮೆನ್ ಎಂದು ಅಚ್ಚಾಗಿತ್ತು. ಹಳೆಯ ಎಚ್-4 ಬಲ್ಬು ದೂರದ ಬೆಳಕಿಗೆ ಕೊಡುವುದು ಸುಮಾರು 1,650 ಲ್ಯೂಮೆನ್, ಡಿಪ್ಪಿಗೆ ಸುಮಾರು ಸಾವಿರ. ಆ ಲೆಕ್ಕದಲ್ಲಿ ನನ್ನ ಕಾರು ಹತ್ತು ಕಾರಿಗೆ ಸಮನಾಗಬೇಕಿತ್ತು. ಲೆಕ್ಕದ ಮೇಷ್ಟರಾಗಿದ್ದ ನಾನೇ ಆ ಲೆಕ್ಕವನ್ನು ನಂಬಿದೆನೆಂದರೆ, ಟ್ರೇಲರಿನ ಬೆನ್ನು ನನ್ನನ್ನು ಎಷ್ಟು ಹೆದರಿಸಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ತಿರುವಿನ ಸೂಚನೆಯ ದೀಪಗಳಿಗೂ ಅದನ್ನೇ ಹಾಕಿದರು. ಅವು ಉರಿದುವು, ಮಿಟುಕಲಿಲ್ಲ. ಹಳೆಯ ಕಾರಿನ ಫ್ಲಾಷರು ಬಲ್ಬಿನ ವಿದ್ಯುತ್ತಿನಿಂದ ಬಿಸಿಯಾಗಿ ಆರಿ ಹೊತ್ತುವ ಯಂತ್ರ, ಅಲ್ಪಾಹಾರಿಯಾದ ಎಲ್.ಇ.ಡಿ. ಅದನ್ನು ಬಿಸಿಮಾಡುವಷ್ಟು ವಿದ್ಯುತ್ತನ್ನೇ ಎಳೆಯುವುದಿಲ್ಲ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮೊದಲ ರಾತ್ರಿ ನನಗಾದ ಆನಂದವನ್ನು ಮುಚ್ಚಿಡಲಾರೆ. ಬಿಳಿಯ ಬೆಳಕಿಗೆ ಬೇಕಾದ ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಹುಮಾನ ಬಂದದ್ದು, ಅಂಬಾಸಿಡರ್ ನಿಂತುಹೋದ ಅದೇ 2014ರಲ್ಲಿ. ಆ ಮೂವರನ್ನೂ ಮನಸ್ಸಿನಲ್ಲಿಯೇ ವಂದಿಸಿ ಹೊರಟೆ. ಬೀರೂರು ದಾಟುತ್ತಲೇ ರಸ್ತೆ ಹಾಲು ಚೆಲ್ಲಿದಂತೆ ಬೆಳಗಿತು. ಅಜ್ಜಂಪುರದ ಬಳಿಯ ಕಾವಲಿನಲ್ಲಿ ದನಗಳ ಕಣ್ಣುಗಳು ಹಸುರು ಮಣಿಗಳಂತೆ ಹೊಳೆದುವು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ತಳಿಯ ಕೇಂದ್ರ ಇಂದಿಗೂ ಅಲ್ಲಿದೆ. ದನದ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪೊರೆಯುಂಟು. ಆದುದರಿಂದಲೇ ಆ ಹೊಳಪು. ಮನುಷ್ಯನ ಕಣ್ಣಿಗೆ ಆ ಪೊರೆಯಿಲ್ಲ. ಎದುರಿಗೆ ಬರುವವನ ಕಣ್ಣಿಗೆ ಏನಾಯಿತೆಂಬುದು ಬೆಳಕು ಬಿಟ್ಟವನಿಗೆ ತಿಳಿಯುವುದೇ ಇಲ್ಲ.

ಅದು ನನಗೆ ತಿಳಿದದ್ದು ಮೂರನೆಯ ಪ್ರಯಾಣದಲ್ಲಿ. ಎದುರಿನಿಂದ ಒಂದು ಮೊಪೆಡ್ಡು ಬರುತ್ತಿತ್ತು. ಎಡಗಾಲಿನ ಗುಂಡಿಯನ್ನೊತ್ತಿ ಡಿಪ್ ಮಾಡಿದೆ. ನಮ್ಮ ಕಾರಿನಲ್ಲಿ ಡಿಪ್ಪರಿನ ಗುಂಡಿ ಇರುವುದು ಪಾದದಡಿಯಲ್ಲಿ. ಮೊಪೆಡ್ಡು ಓಲಾಡಿತು, ರಸ್ತೆಯ ಅಂಚಿಗೆ ಸರಿಯಿತು, ಹಳ್ಳಕ್ಕಿಳಿದು ಬಿತ್ತು. ನಾನು ಕಾರು ನಿಲ್ಲಿಸಿ ಓಡಿದೆ. ಅರವತ್ತು ದಾಟಿದ ಮನುಷ್ಯ. ಮೊಣಕೈ ತರಚಿತ್ತು. ಎರಡು ಕ್ಯಾನಿನ ಹಾಲೂ ಮಣ್ಣುಪಾಲಾಗಿತ್ತು.

“ಡಿಪ್ ಹಾಕ್ಬಾರ್ದಾ ಸ್ವಾಮೀ?” ಎಂದರು, ಕಣ್ಣುಜ್ಜಿಕೊಳ್ಳುತ್ತ.

“ಹಾಕಿದ್ದೆನಲ್ಲಾ ಯಜಮಾನ್ರೇ!”

“ಇದು ಡಿಪ್ಪಾ? ಬನ್ನಿ, ನೀವೇ ನಿಂತು ನೋಡಿ.”

ಅವರು ನನ್ನ ತೋಳು ಹಿಡಿದು, ಉರಿಯುತ್ತಿದ್ದ ನನ್ನದೇ ಕಾರಿನ ಎದುರಿಗೆ ನಾಲ್ಕು ಮಾರು ದೂರದಲ್ಲಿ ನಿಲ್ಲಿಸಿದರು. ನಾನು ಕಣ್ಣು ತೆರೆದೆ, ಮುಚ್ಚಿದೆ. ರಸ್ತೆಯಿಲ್ಲ, ಅಂಚಿಲ್ಲ, ಪಕ್ಕದಲ್ಲಿ ನಿಂತಿದ್ದ ಅವರೂ ಇಲ್ಲ. ಹಾಲಿನ ಹಣವನ್ನು ಕೊಡಹೋದೆ. ಎಣಿಸಿ, ಹಾಲಿನ ಬೆಲೆಯನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸಿದರು. “ಕೈಗೆ ಏನೂ ಬೇಡ, ದೀಪ ಸರಿಮಾಡ್ಸಿ” ಎಂದರು.

ಅಕ್ಕನ ಮನೆಗೆ ಇಪ್ಪತ್ತರ ವೇಗದಲ್ಲಿ ಹೋದೆ. ಬೆಳಿಗ್ಗೆ ಭಾವನವರು ತರೀಕೆರೆಯ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ನರ ಬಳಿಗೆ ಕಳುಹಿಸಿದರು. ಎಲ್ಲರೂ ಅವರನ್ನು ಸಾಹೇಬರೆನ್ನುತ್ತಾರೆ. ಅವರು ಹಳೆಯ ಎಚ್-4 ಬಲ್ಬೊಂದನ್ನೂ ನನ್ನ ಎಲ್.ಇ.ಡಿ.ಯನ್ನೂ ಅಂಗೈಯಲ್ಲಿಟ್ಟು ಪಾಠ ಹೇಳಿದರು. ನಾನು ಹುಡುಗನಂತೆ ಕೇಳಿದೆ. ಬಲ್ಬಿನೊಳಗೆ ಎರಡು ತಂತಿಗಳು. ಡಿಪ್ಪಿನ ತಂತಿಯ ಕೆಳಗೆ ಉಗುರಿನಷ್ಟು ಒಂದು ಲೋಹದ ಬಟ್ಟಲು. ಅದರಿಂದಾಗಿ ಬೆಳಕು ಕನ್ನಡಿಯ ಮೇಲರ್ಧಕ್ಕೆ ಮಾತ್ರ ತಗಲಿ, ಅಲ್ಲಿಂದ ನೆಲದ ಕಡೆಗೆ ಬಾಗುತ್ತದೆ. ನಮ್ಮದು ಎಡಬದಿಯ ಸಂಚಾರವಾದುದರಿಂದ ಎಡಗಡೆ ತುಸು ಏರಿ ಬಲಗಡೆ ತಗ್ಗುತ್ತದೆ. ಕೂದಲೆಳೆಯಂಥ ಆ ತಂತಿ ಇರಬೇಕಾದ ಜಾಗ ಒಂದೆರಡು ಮಿಲಿಮೀಟರು ಅತ್ತಿತ್ತಾದರೂ ಕನ್ನಡಿಯ ಲೆಕ್ಕ ತಪ್ಪುತ್ತದೆ. ಎಲ್.ಇ.ಡಿ.ಯಲ್ಲಿ ತಂತಿಯಿಲ್ಲ, ಚಪ್ಪಟೆ ಹಲಗೆಯ ಎರಡು ಪಕ್ಕದಲ್ಲಿ ಅಂಟಿಸಿದ ಬಿಲ್ಲೆಗಳು. ಹಳೆಯ ಕನ್ನಡಿ ಆ ಬೆಳಕನ್ನು ಕಂಡಕಂಡ ಕಡೆಗೆ ಎರಚುತ್ತದೆ. ಕಾರಿನ ಮುಂದಿನ ನೆಲ ಝಗಝಗಿಸುವುದರಿಂದ ಓಡಿಸುವವನ ಪಾಪೆಯೂ ಕುಗ್ಗಿ, ದೂರದ ಕತ್ತಲೆ ಇನ್ನಷ್ಟು ಕಪ್ಪಾಗುತ್ತದೆ. ಎಲ್.ಇ.ಡಿ.ಗೆಂದೇ ರಚಿಸಿದ ಹೊಸ ಕಾರಿನ ದೀಪಗಳ ಮಾತು ಬೇರೆ ಎಂದರು.

ಕಾನೂನೂ ಇದನ್ನು ಬಲ್ಲದು. ದೀಪದಿಂದ ಎಂಟು ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ಸಾಲುಸಾಲಾಗಿ ಮೊಕದ್ದಮೆ ಹೂಡಿದಾಗ, ಪತ್ರಿಕೆಯಲ್ಲಿ ಆ ಸುದ್ದಿಯನ್ನೋದಿ ತಲೆದೂಗಿದವರಲ್ಲಿ ನಾನೂ ಒಬ್ಬ.

“ನಿಮ್ಮ ದೀಪಕ್ಕೆ ರೋಗ ಇರ್ಲಿಲ್ಲ ಸಾರ್, ಹಸಿವಿತ್ತು” ಎಂದು ಸಾಹೇಬರು ಮೀಟರು ಹಚ್ಚಿ ತೋರಿಸಿದರು. ಬ್ಯಾಟರಿಯ ಬಳಿ ಹದಿಮೂರೂವರೆ ವೋಲ್ಟು; ದೀಪದ ಬಳಿ ಹನ್ನೊಂದೂವರೆ. ನಲವತ್ತು ವರ್ಷದ ಸಣ್ಣ ತಂತಿ, ಸವೆದ ಸ್ವಿಚ್ಚು, ತುಕ್ಕುಹಿಡಿದ ಅರ್ತಿಂಗು, ಇವು ನಡುದಾರಿಯಲ್ಲಿಯೇ ನುಂಗುತ್ತಿದ್ದುವು. ವೋಲ್ಟು ಹತ್ತರಲ್ಲೊಂದು ಪಾಲು ತಗ್ಗಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ತಗ್ಗುತ್ತದೆ. ಅವರು ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯೆಳೆದು, ಫ್ಯೂಸು ಇಟ್ಟು, ಎರಡು ರಿಲೇ ಕೂರಿಸಿದರು. ಮಂಕಾದ ಕನ್ನಡಿಗಳನ್ನು ಬದಲಾಯಿಸಿದರು. 60/55 ವ್ಯಾಟಿನ ಮಾಮೂಲಿ ಬಲ್ಬುಗಳನ್ನೇ ಹಾಕಿದರು. ಸಂಜೆ ಗೋಡೆಯೊಂದರ ಮುಂದೆ ಐದು ಮೀಟರು ದೂರದಲ್ಲಿ ಕಾರು ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದ ಗೆರೆಯೆಳೆದು, ಬೆಳಕಿನ ಅಂಚು ಅದಕ್ಕಿಂತ ಐದು ಸೆಂಟಿಮೀಟರು ಕೆಳಗೆ ಬರುವಂತೆ ತಿರುಪು ತಿರುಗಿಸಿದರು. ಖರ್ಚು ಎಲ್.ಇ.ಡಿ.ಗಿಂತ ಕಡಿಮೆಯಾಯಿತು.

ನಾನು ಹೊರಡುವಾಗ ಸಾಹೇಬರು, “ಸಾರ್, ಕಣ್ಣು ತೋರ್ಸಿದೀರಾ?” ಎಂದು ಮೆಲ್ಲಗೆ ಕೇಳಿದರು. ಗೋಡೆಯ ಮೇಲಿನ ಗೆರೆಯನ್ನು ನಾನು ಎರಡು ಬಾರಿ ತಪ್ಪಾಗಿ ಹೇಳಿದ್ದೆನಂತೆ. ಮುಂದಿನ ವಾರ ಡಾಕ್ಟರು ನೋಡಿದರು: ಎರಡು ಕಣ್ಣಿಗೂ ಪೊರೆ, ಬಲಗಣ್ಣಿನದು ಬಲಿತಿತ್ತು. ಮನೆಯಲ್ಲಿ ಅಂದು ಟ್ರೇಲರಿನ ಕಥೆಯನ್ನೂ ಹಾಲಿನ ಕಥೆಯನ್ನೂ ಒಟ್ಟಿಗೇ ಹೇಳಬೇಕಾಯಿತು. ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ. ಎಡಗಣ್ಣಿನದು ಮುಗಿಯುವವರೆಗೆ ರಾತ್ರಿಯಲ್ಲಿ ಕಾರಿನ ಬೀಗದ ಕೈ ನನ್ನ ಹೆಂಡತಿಯ ಸೆರಗಿನಲ್ಲಿರುತ್ತದೆ.

ಎಲ್.ಇ.ಡಿ.ಗಳನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕನ ಮಗ ಅವುಗಳಲ್ಲೊಂದನ್ನು ಹಳೆಯ ಬ್ಯಾಟರಿಗೆ ಸೇರಿಸಿ, ಈರುಳ್ಳಿಯ ಚಪ್ಪರದ ತೊಲೆಗೆ ನೆಲ ನೋಡುವಂತೆ ಕಟ್ಟಿದ್ದಾನೆ. ಆಳುಗಳು ರಾತ್ರಿ ಹತ್ತರವರೆಗೂ ಅದರಡಿಯಲ್ಲಿ ಈರುಳ್ಳಿ ಆರಿಸುತ್ತಾರೆ. ಅದರ ಬಾಲದ ಪುಟ್ಟ ಫ್ಯಾನು ಜೀರುಂಡೆಯಂತೆ ಗುಂಯ್‌ಗುಡುತ್ತದೆಂಬುದು ಅಕ್ಕನ ದೂರು.