ಅಟ್ಟದ ಮೇಲಿನ ಬೂಟು

ಪುಣೆಯಲ್ಲಿ ಕೆಲಸ ಸಿಕ್ಕಿ ಮಗಳು ಹೊರಡೋಕೆ ಹತ್ತೇ ದಿನ ಇತ್ತು. "ಅಮ್ಮಾ, ಅದಕ್ಕೆ ಮುಂಚೆ ನಾವಿಬ್ಬರೇ ಕುಮಾರ ಪರ್ವತ ಹತ್ತೋಣ" ಅಂದಳು. ಅವಳು ಅರಣ್ಯ ಇಲಾಖೆಯ ಅನುಮತಿಗೆ ಕೂತಳು, ನಾನು ಅಟ್ಟ ಹತ್ತಿದೆ. ನಾಲ್ಕು ವರ್ಷದ ಹಿಂದೆ ಕೊಂಡು, ಎರಡೇ ಸಲ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಬೂಟು ಹೊಸದರ ಹಾಗೇ ಇತ್ತು. "ನೋಡೇ, ಹೇಗೆ ಜೋಪಾನ ಮಾಡಿದೀನಿ" ಅಂತ ಬೀಗಿದೆ.

ನಾನು ತುಂಬಿದ ಚೀಲ ತೂಕದ ಯಂತ್ರದ ಮೇಲೆ ಒಂಬತ್ತು ಕೆಜಿ ತೋರಿಸಿತು. ಮಗಳು ಬೆಡ್‌ಶೀಟು ತೆಗೆದಳು, ಕೋಡುಬಳೆ ಡಬ್ಬಿ ತೆಗೆದಳು (ಅರ್ಧ ಮತ್ತೆ ಹಾಕಿದೆ), ಜೀನ್ಸ್ ಅಂತೂ ಮುಟ್ಟೋಕೇ ಬಿಡಲಿಲ್ಲ. ನೆಂದರೆ ಭಾರ, ಬೇಗ ಒಣಗಲ್ಲ, ಮಂಡಿ ಮಡಚೋದು ಕಷ್ಟ. ತಲಾ ಮೂರು ಲೀಟರ್ ನೀರು, ಟೋಪಿ, ಮಳೆ ಕೋಟು, ಒಂದು ಜೊತೆ ಹೆಚ್ಚುವರಿ ಸಾಕ್ಸು ಉಳೀತು. "ಒಂದು ದಿನದ ಚಾರಣಕ್ಕೆ ಬಟ್ಟೆ ಒಣಗಿಸೋ ಹಗ್ಗ ಯಾಕಮ್ಮಾ?" ಅಂತ ಎಸೆದದ್ದನ್ನು ಮಾತ್ರ ಕಳ್ಳತನದಲ್ಲಿ ತುರುಕಿದೆ.

ಕುಕ್ಕೆಯಿಂದ ಬೆಳಗ್ಗೆ ಆರಕ್ಕೆ ಹೊರಟೆವು. ಅಕ್ಟೋಬರ್ ಕೊನೆ, ಕಾಡಿನ ನೆಲ ಇನ್ನೂ ಒದ್ದೆ. ಇಂಬಳಗಳಿಗೆ ಉಪ್ಪಿನ ಗಂಟು ಮುಟ್ಟಿಸುತ್ತಾ ಗಿರಿಗದ್ದೆ ತಲುಪಿದೆವು. ಅಲ್ಲಿಂದಾಚೆ ಬೋಳು ಹುಲ್ಲುಗಾವಲು, ನೆರಳೇ ಇಲ್ಲ. ಮೂರು ಲೀಟರ್ ಯಾಕೆ ಅನ್ನೋದು ಅಲ್ಲಿ ಗೊತ್ತಾಯ್ತು.

ಕಲ್ಲು ಮಂಟಪ ದಾಟಿ ಸ್ವಲ್ಪ ಏರಿದ್ದೆವು. ಬಲಗಾಲಿನ ಬೂಟಿನ ಅಟ್ಟೆ ಮೊಸಳೆ ಬಾಯಿ ಥರ ತೆರೆದುಕೊಳ್ತು. ಹಗ್ಗ ತೆಗೆದು ಕಟ್ಟಿದೆವು. ಕಾಲು ಗಂಟೆಯಲ್ಲಿ ಎಡಗಾಲಿನದೂ ಹೋಯ್ತು. ಎದುರಿಗೆ ಶೇಷ ಪರ್ವತ. ಅದರಾಚೆ, 1712 ಮೀಟರ್ ಎತ್ತರದ ಶಿಖರ. "ನೀನು ಆ ಗುಂಪಿನ ಜೊತೆ ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ" ಅಂದೆ. ಅವಳು ಮಾತಾಡದೆ ನನ್ನ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಕೆಳಗೆ ತಿರುಗಿದಳು. ಬೈದಿದ್ದರೆ ವಾಸಿ ಇತ್ತು.

ಇಳಿಯೋದು ಇನ್ನೂ ಕಷ್ಟ. ಹಗ್ಗ ಸವೆದು ಮೂರು ಸಲ ಕಟ್ಟಬೇಕಾಯ್ತು. ಕುಕ್ಕೆ ಮುಟ್ಟುವಾಗ ಕತ್ತಲಾಗಿತ್ತು.

ಊರಲ್ಲಿ ಬೂಟು ರಿಪೇರಿಯವರು ಅಟ್ಟೆಯನ್ನು ಬೆರಳಲ್ಲಿ ಒತ್ತಿದರು, ರಸ್ಕಿನ ಹಾಗೆ ಉದುರಿತು. "ಹಾಕ್ದೆ ಇಟ್ರೆ ಹೀಗೇ ಅಕ್ಕಾ" ಅಂದರು. ಇಂಥ ಬೂಟುಗಳ ಅಟ್ಟೆಯೊಳಗೆ ಪಾಲಿಯುರೆಥೇನ್ ಅನ್ನೋ ಫೋಮ್ ಇರುತ್ತಂತೆ. ಗಾಳಿಯ ತೇವಕ್ಕೆ ಅದು ವರ್ಷಗಟ್ಟಲೆ ಒಳಗೊಳಗೇ ಹಾಳಾಗುತ್ತೆ, ಹೊರಗೆ ಹೊಳೀತಾನೇ ಇರುತ್ತೆ. ಗಾಳಿಯಾಡದ ಕವರು ಒಳಗಿನ ತೇವವನ್ನು ಹಿಡಿದಿಟ್ಟು ಇನ್ನಷ್ಟು ಕೆಡಿಸುತ್ತೆ. ನನ್ನ ಜೋಪಾನ! ಹೊರಡೋ ವಾರಕ್ಕೆ ಮುಂಚೆ ಹಾಕಿಕೊಂಡು ನಾಲ್ಕು ಸಲ ಮಹಡಿ ಮೆಟ್ಟಿಲು ಹತ್ತಿ ಇಳಿದಿದ್ದರೂ ಮನೆಯಲ್ಲೇ ಗೊತ್ತಾಗ್ತಿತ್ತು.

ಮಗಳು ರಜೆ ಹಾಕಿ ಡಿಸೆಂಬರಿನಲ್ಲಿ ಬರ್ತಾಳೆ. ಹೊಸ ಬೂಟು ಕೊಂಡಿದೀನಿ. ತರಕಾರಿ ತರೋಕೂ ಸೀರೆ ಮೇಲೆ ಅದನ್ನೇ ಹಾಕಿಕೊಂಡು ಹೋಗ್ತೀನಿ, ಎದುರು ಮನೆಯವರು ನಗ್ತಾರೆ. ಹಗ್ಗವನ್ನು ಈ ಸಲ ಅವಳೇ ಪಟ್ಟಿಯಲ್ಲಿ ಬರೆದು ಕಳಿಸಿದಾಳೆ.