ಪೈಠಣಿಯ ಹಿಂಬದಿ

ಅತ್ತೆಯವರ ಹಳೆಯ ಪೈಠಣಿ ಸೀರೆಯ ಮೈ ಮಡಿಕೆಗಳಲ್ಲಿ ಪಿಸಿದಿತ್ತು. ಅಂಚು, ಸೆರಗು ಮಾತ್ರ ಗಟ್ಟಿ. ಅವುಗಳಿಂದ ಊಟದ ಮೇಜಿಗೊಂದು ಕೌದಿಹಾಸು ಹೊಲಿಯೋಣವೆಂದು ಕತ್ತರಿ ಹಿಡಿದೆ. ಮನಸ್ಸು ಬರಲಿಲ್ಲ.

ಅದೇ ವಾರ ಪೈಠಣಕ್ಕೆ ಹೋಗುವ ಯೋಗ ಕೂಡಿಬಂತು. ಸಂಭಾಜಿನಗರದಿಂದ ಸುಮಾರು 50 ಕಿ.ಮೀ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಓದಿದ ಶಾತವಾಹನರ ಪ್ರತಿಷ್ಠಾನ ಇದೇ ಊರು! ಗೋದಾವರಿ ತೀರದಲ್ಲಿ ಸಂತ ಏಕನಾಥರ ಸಮಾಧಿಯ ದರ್ಶನ ಮಾಡಿಕೊಂಡು ಮಗ್ಗ ನೋಡಲು ಹೋದೆವು. ಪೈಠಣಿಯ ಮಗ್ಗಗಳು ಈಗ ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಹೆಚ್ಚು. ಆದರೆ ಹೆಸರು ಕೊಟ್ಟದ್ದು ಈ ಊರೇ.

ನೇಯುತ್ತಿದ್ದ ಹೆಣ್ಣುಮಗಳು ನವಿಲಿನ ಸೆರಗೊಂದನ್ನು ಮಗುಚಿ, "ತಾಈ, ಮೇಲ್ಬದಿ ಯಾವುದು ಹೇಳಿ?" ಎಂದಳು. ನನಗೆ ತಿಳಿಯಲಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಪುಟ್ಟ ಕಂಡಿಕೆ. ಪಕ್ಕದ ಬಣ್ಣದ ಹೊಕ್ಕಿನೊಂದಿಗೆ ಕೊಂಡಿ ಹಾಕಿ ಹಿಂದಿರುಗುತ್ತದೆ. ಹಿಂದೆ ಜೋತಾಡುವ ಎಳೆಯೇ ಇಲ್ಲ.

ಮನೆಗೆ ಬಂದವಳೇ ಸೆರಗನ್ನು ಇಡಿಯಾಗಿ ಎತ್ತಿಟ್ಟೆ. ಅಂಚುಗಳನ್ನಷ್ಟೇ ಬಿಡಿಸಿ ಜೋಡಿಸಿದೆ. ಅಸ್ತರಿಗೆಂದು ತಂದಿದ್ದ ಬಿಳಿ ಬಟ್ಟೆ ಬದಿಗಿಟ್ಟು ನನ್ನ ಅವ್ವನ ಇಳಕಲ್ ಸೀರೆಯ ತುಂಡು ಹಾಕಿ ಕೌದಿಹೊಲಿಗೆ ಹಾಕಿದೆ.

ಈಗ ಒಂದು ವಾರ ಅತ್ತೆಯವರು ಮೇಲೆ, ಇನ್ನೊಂದು ವಾರ ಅವ್ವ.